ಮೊದಲು ಒಂದು ದೀಪ ಕೊಡಿ, ಕನ್ಸೋಲ್ ಆಮೇಲೆ

ನಮಸ್ಕಾರ. ಹೋದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಇನ್ನೂ ಪಾರ್ ಕ್ಯಾನ್ ಹಿಡ್ಕೊಂಡು ಕೂತಿದ್ದೀರಲ್ಲ ಸಾರ್, ಮಕ್ಕಳಿಗೆ ಮೂವಿಂಗ್ ಹೆಡ್ ಯಾವಾಗ ಕಲಿಸ್ತೀರಿ?" ಪಾರ್ ಕ್ಯಾನ್ ಅಂದರೆ ಡಬ್ಬದಂಥ ಸಾದಾ ಸ್ಟೇಜ್ ದೀಪ; ಮೂವಿಂಗ್ ಹೆಡ್ ಅಂದರೆ ಕನ್ಸೋಲ್ ಹೇಳಿದ ಕಡೆ ತಾನೇ ತಿರುಗುವ ದೀಪ. ಇವತ್ತು ಮೇಕಪ್ ಬಗ್ಗೆ ಮಾತಾಡಬೇಕು ಅಂತಿದ್ದೆ. ಅದು ಇರಲಿ. ಇದಕ್ಕೆ ಉತ್ತರ ಕೊಡಲೇಬೇಕು.

ಸ್ಟೇಜ್ ಲೈಟಿಂಗ್ ಕಲಿಯೋಕೆ ಬಂದವರಿಗೆ ಮೊದಲು ಒಂದೇ ಒಂದು ದೀಪ ಕೊಡಬೇಕು. ಎದುರಿಗೆ ಒಬ್ಬ ನಟ ನಿಂತಿರಬೇಕು. ಅಷ್ಟೇ. ಕನ್ಸೋಲ್, ಅಂದರೆ ಎಲ್ಲಾ ದೀಪಗಳನ್ನು ಕೂತಲ್ಲಿಂದಲೇ ನಡೆಸುವ ಯಂತ್ರ, ಅದರ ಹತ್ತಿರವೂ ಬಿಡಬಾರದು.

ದೀಪವನ್ನು ನೇರ ಮುಂದೆ ಇಡಿ, ಮುಖ ಚಪ್ಪಟೆಯಾಗುತ್ತದೆ. ತಲೆಯ ಮೇಲಕ್ಕೆ ಕಟ್ಟಿ, ಕಣ್ಣಿರುವ ಜಾಗದಲ್ಲಿ ಎರಡು ಕಪ್ಪು ಗುಳಿ. ಪಕ್ಕಕ್ಕೆ ತನ್ನಿ, ಮೈಯ ಉಬ್ಬುತಗ್ಗು ಎದ್ದು ಬರುತ್ತದೆ. ಹಿಂದಕ್ಕೆ ಒಯ್ಯಿರಿ, ಬರೀ ಅಂಚು. ನಟ ಇನ್ನೂ ಬಾಯೇ ತೆರೆದಿಲ್ಲ, ಆಗಲೇ ನಾಲ್ಕು ಜನ ಬಂದುಹೋದ ಹಾಗಾಯಿತು, ಅಲ್ವಾ? ಆಮೇಲೆ ದೀಪದ ಮುಂದೆ ಗಾಢ ಕೆಂಪು ಜೆಲ್, ಅಂದರೆ ಬಣ್ಣದ ಹಾಳೆ, ಹಾಕಿ ಹಸಿರು ಸೀರೆ ಮೇಲೆ ಬಿಡಿ. ಸೀರೆ ಕಪ್ಪಾಗುತ್ತದೆ! ಅದನ್ನು ಕಣ್ಣಾರೆ ಕಂಡ ಹುಡುಗಿ ಜನ್ಮದಲ್ಲಿ ಮರೆಯುವುದಿಲ್ಲ. ಅದಕ್ಕೇ ಒಂದು ದೀಪ.

"ಈಗೆಲ್ಲಾ ಎಲ್‌ಇಡಿ, ಹಳೇ ಹ್ಯಾಲೊಜೆನ್ ಯಾಕೆ?" ಅನ್ನುತ್ತಾರೆ. ಹ್ಯಾಲೊಜೆನ್ ದೀಪವನ್ನು ಡಿಮ್ಮರಿನಲ್ಲಿ ಇಳಿಸುತ್ತಾ ಹೋಗಿ. ಬೆಳಕು ಹಳದಿಗೆ ತಿರುಗಿ, ಕೆಂಪಾಗಿ, ಆಮೇಲೆ ಆರುತ್ತದೆ. ಸಾಧಾರಣ ಎಲ್‌ಇಡಿ ಅದೇ ಬಣ್ಣದಲ್ಲೇ ಮಂಕಾಗುತ್ತದೆ. ಈ ವ್ಯತ್ಯಾಸವನ್ನೇ ನೋಡದವನು ಎಲ್‌ಇಡಿಯಲ್ಲಿ ಸಂಜೆ ಹೇಗೆ ತರುತ್ತಾನೆ? ಹೇಳಿ ನೋಡೋಣ.

ಇನ್ನು ಮ್ಯಾಜಿಕ್ ಬೇಕು ಅನ್ನುವವರಿಗೆ. 1959, ಕೋಲ್ಕತ್ತಾದ ಮಿನರ್ವಾ ಥಿಯೇಟರ್. ಬಂಗಾಳಿ ನಾಟಕಕಾರ ಉತ್ಪಲ್ ದತ್ ಅವರ 'ಅಂಗಾರ್' ನಾಟಕ. ಕಲ್ಲಿದ್ದಲು ಗಣಿಗೆ ನೀರು ನುಗ್ಗಿ ಕೂಲಿಗಳು ಮುಳುಗುವುದನ್ನು ಬೆಳಕಿನ ವಿನ್ಯಾಸಕ ತಾಪಸ್ ಸೇನ್ ಬೆಳಕಿನಲ್ಲೇ ಮಾಡಿ ತೋರಿಸಿದರು. ಆಗ ಯಾವ ಮೂವಿಂಗ್ ಹೆಡ್ ಇತ್ತು ಸ್ವಾಮಿ? ನಮ್ಮಲ್ಲಿ ದೊಂದಿ ಬೆಳಕಿನಲ್ಲಿ ರಾತ್ರಿಯಿಡೀ ಯಕ್ಷಗಾನ ಆಡಿದರು. ವೇಷದ ಬಣ್ಣ ಆ ಬೆಂಕಿಯಲ್ಲಿ ಹೊಳೆಯುತ್ತಿತ್ತು.

"ದುಡ್ಡು ಇರೋದು ಕಾರ್ಪೊರೇಟ್ ಶೋಗಳಲ್ಲಿ" ಅನ್ನುವುದು ಇನ್ನೊಂದು ಮಾತು. ಹೋಗಲಿ, ದುಡಿಯಲಿ. ಆದರೆ ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಸಂಚಾರಿ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ. ಅಂಥ ತಂಡಕ್ಕೆ ಇವತ್ತು ಒಳ್ಳೇ ಆಡಿಟೋರಿಯಂ, ನಾಳೆ ಯಾವುದೋ ಊರಿನ ಸಣ್ಣ ಸಭಾಭವನ. 15 ಆಂಪಿನ ಒಂದು ಪಾಯಿಂಟಿಗೆ 1000 ವ್ಯಾಟಿನ ದೀಪ ಮೂರು ತಡೆಯುತ್ತದೆ. ನಾಲ್ಕನೆಯದು ಹಾಕಿದರೆ ಓವರ್‌ಲೋಡ್. ಇದನ್ನು ಕನ್ಸೋಲ್ ಹೇಳಿಕೊಡುವುದಿಲ್ಲ! ದೀಪ ಕಟ್ಟಿದ ಕೈಗೆ ಗೊತ್ತಿರಬೇಕು. ದೀಪ ಬೀಳದಂತೆ ತಡೆಯುವ ಸೇಫ್ಟಿ ಚೈನ್ ಹಾಕದೆ ಏಣಿ ಇಳಿದರೆ ಕೆಳಗೆ ನಟನ ತಲೆ ಇದೆ.

ಏಣಿ ಅಂದಾಗ ನೆನಪಾಯಿತು. ಹುಡುಗಿಯರನ್ನು ಸುಮ್ನೆ ಕಾಸ್ಟ್ಯೂಮ್ ಕಡೆ ಕಳಿಸುವುದನ್ನು ನಿಲ್ಲಿಸಿ. ನೋಡಿ ನೋಡಿ ಸಾಕಾಗಿದೆ. ಒಬ್ಬರು ಏಣಿ ಹಿಡಿದುಕೊಳ್ಳಲಿ, ಅವಳು ಹತ್ತಲಿ. ಆ ಒಂದು ದೀಪವನ್ನು ಅವಳೇ ಕಟ್ಟಲಿ, ಅವಳೇ ಫೋಕಸ್ ಮಾಡಲಿ.

ಇನ್ನೊಂದು. ಕಲಿಯುವವರನ್ನು ಶೋ ದಿನ ಮಧ್ಯಾಹ್ನ ಕರೆಯಬೇಡಿ. ರಿಹರ್ಸಲ್‌ಗೆ ಮೊದಲ ದಿನದಿಂದ ಕೂರಿಸಿ. ನಟ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಅಂತ ಗೊತ್ತಿಲ್ಲದವನು ಬೆಳಕು ಬದಲಿಸುವ ಕ್ಯೂ ಎಲ್ಲಿ ಕೊಡುತ್ತಾನೆ? ನಾಟಕ ನೋಡದೆ ಬೆಳಕು ಮಾಡೋದಾ? ಸಾಧ್ಯವೇ ಇಲ್ಲ. ಮತ್ತೆ ಹೇಳುತ್ತೇನೆ, ಬೇಜಾರಾದರೂ ಕೇಳಿ. ಒಂದು ದೀಪ, ಒಂದು ಮುಖ. ಇದು ಬರುವವರೆಗೂ ಬೇರೆ ಏನೂ ಬೇಡ. ಬೇಡ ಅಂದರೆ ಬೇಡ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಲೈಟಿಂಗ್ ಕಲಿಯುವ ಆಸೆಯಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಈ ವಿಡಿಯೋ ಕಳಿಸಿ. ಬೇಸಿಗೆ ರಜೆಯಲ್ಲಿ ಶಿಬಿರ ಮಾಡುತ್ತಿದ್ದೇನೆ, ವಿವರ ಕೆಳಗಿದೆ. ಶೂ ಹಾಕಿಕೊಂಡು ಬನ್ನಿ, ಹತ್ತಿ ಬಟ್ಟೆ ಇರಲಿ, ಬಿಸಿ ದೀಪ ಹಿಡಿಯೋಕೆ ಚರ್ಮದ ಗ್ಲೌಸ್ ತನ್ನಿ. ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಬನ್ನಿ.