ಭಯಕ್ಕೆ ಪುರಾವೆ

ಕೇಳುಗರೆ, ನಮಸ್ಕಾರ. ಜೀವಭಯದಿಂದ ತಾಯ್ನಾಡು ಬಿಟ್ಟು ಅಮೆರಿಕ ಸೇರಿದವರು ಅಲ್ಲಿ ಆಶ್ರಯ ಪಡೆಯುವುದು ಹೇಗೆ, ಕಾಯಂ ಆಗಿ ನೆಲೆ ನಿಲ್ಲುವುದು ಹೇಗೆ ಅನ್ನುವುದು ಇವತ್ತಿನ ವಿಷಯ.

ಊರಲ್ಲಿ ಬದುಕು ದುಸ್ತರವಾಗಿತ್ತು ಎಂದಷ್ಟೇ ಹೇಳಿದರೆ ಆಶ್ರಯ ಸಿಗುವುದಿಲ್ಲ. ಬಡತನ, ನಿರುದ್ಯೋಗ, ಕೊನೆಗೆ ಅಂತರ್ಯುದ್ಧ ಕೂಡ ಅಷ್ಟರಿಂದಲೇ ಸಾಲದು. 1951ರ ನಿರಾಶ್ರಿತರ ಒಪ್ಪಂದ ಐದು ಕಾರಣಗಳನ್ನು ಹೆಸರಿಸಿದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಅಮೆರಿಕ 1980ರಲ್ಲಿ ಇದನ್ನೇ ತನ್ನ ಕಾನೂನಿಗೆ ತಂದುಕೊಂಡಿತು. ಆದ ಹಿಂಸೆಗೂ ಈ ಐದರಲ್ಲಿ ಒಂದಕ್ಕೂ ನಂಟಿದೆ ಎಂದು ಅರ್ಜಿದಾರರೇ ತೋರಿಸಿಕೊಡಬೇಕು. ಪೊಲೀಸರು ಹೊಡೆದರು ಅನ್ನುವುದು ಅರ್ಧ ಕಥೆ. ಹೊಡೆಯುವಾಗ ಏನೆಂದು ಬೈದರು ಅನ್ನುವುದರಲ್ಲಿ ಎಷ್ಟೋ ಸಲ ಉಳಿದರ್ಧ ಇರುತ್ತದೆ.

ಎಷ್ಟು ಅಪಾಯವಿದ್ದರೆ ಭಯ ಸಕಾರಣ? ಹತ್ತರಲ್ಲಿ ಒಂದು ಪಾಲು ಸಾಧ್ಯತೆಯಿದ್ದರೂ ಆಗಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಕೇಳಲಿಕ್ಕೆ ಉದಾರವಾದ ಅಳತೆ. ತೊಡಕಿರುವುದು ನಂಬಿಕೆಯಲ್ಲಿ. 2005ರ ತಿದ್ದುಪಡಿಯ ಪ್ರಕಾರ, ಮುಖ್ಯ ಸಂಗತಿಗೆ ಸಂಬಂಧವೇ ಇಲ್ಲದ ಸಣ್ಣ ವ್ಯತ್ಯಾಸವನ್ನು ಹಿಡಿದುಕೊಂಡೂ ಅರ್ಜಿದಾರರನ್ನು ನಂಬಲಾಗದು ಎನ್ನಬಹುದು. ಬಂಧಿಸಿದ್ದು ಮಂಗಳವಾರ ಎಂದು ಅರ್ಜಿಯಲ್ಲಿ ಬರೆದು, ಸಂದರ್ಶನದಲ್ಲಿ ಗುರುವಾರ ಎಂದರೆ ಪ್ರಶ್ನೆಗಳ ಸುರಿಮಳೆ. ಏಟು ತಿಂದವನಿಗೆ ನೋವು ನೆನಪಿರುತ್ತದೆ, ವಾರ ನೆನಪಿರಬೇಕೆಂದಿಲ್ಲ. ನನ್ನ ಮಟ್ಟಿಗೆ ಇದು ಆ ಕಾನೂನಿನ ದೊಡ್ಡ ಕೊರತೆ. ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಬರೆಯುವುದು ಕ್ಷೇಮ. ಆಸ್ಪತ್ರೆಯ ಚೀಟಿ, ಬೆದರಿಕೆ ಪತ್ರ, ಕಂಡವರ ಹೇಳಿಕೆ, ಸಿಕ್ಕಿದ್ದೆಲ್ಲ ಲಗತ್ತಿಸಬೇಕು. ಇಂಗ್ಲಿಷಿನಲ್ಲಿ ಇಲ್ಲದ ಪ್ರತಿ ಕಾಗದಕ್ಕೂ ಪೂರ್ತಿ ಅನುವಾದ, ಜೊತೆಗೆ ಅನುವಾದಕರ ಸಹಿಯುಳ್ಳ ದೃಢೀಕರಣ ಬೇಕು.

ಇನ್ನು ಗಡುವು. ದೇಶಕ್ಕೆ ಕಾಲಿಟ್ಟ ಒಂದು ವರ್ಷದೊಳಗೆ ಐ-589 ಎಂಬ ಅರ್ಜಿ ಸಲ್ಲಿಸಬೇಕು. ತೀವ್ರ ಅನಾರೋಗ್ಯ, ತಾಯ್ನಾಡಿನಲ್ಲಿ ಪರಿಸ್ಥಿತಿ ಬದಲಾದದ್ದು, ಇಂಥ ಕೆಲವು ವಿನಾಯಿತಿಗಳಿವೆ. ಗಡುವು ಗೊತ್ತಿರಲಿಲ್ಲ ಅನ್ನುವುದು ಸಾಮಾನ್ಯವಾಗಿ ನಡೆಯುವುದಿಲ್ಲ. ವಲಸೆ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ. ಕೈಯಲ್ಲಿ ಕಾಸಿಲ್ಲದೆ ಬಂದವರಿಗೆ ಆ ಹಕ್ಕು ಎಷ್ಟರಮಟ್ಟಿಗೆ ದಕ್ಕೀತು, ಹೇಳಿ?

ಆಶ್ರಯ ಮಂಜೂರಾಗಿ ಅಲ್ಲೇ ಒಂದು ವರ್ಷ ಕಳೆದರೆ ಗ್ರೀನ್ ಕಾರ್ಡಿಗೆ, ಅಂದರೆ ಕಾಯಂ ವಾಸಕ್ಕೆ ಹಾದಿ ತೆರೆಯುತ್ತದೆ. ಅದು ತಾನಾಗಿ ಬರುವುದಿಲ್ಲ, ಬೇರೆಯೇ ಅರ್ಜಿ ಹಾಕಬೇಕು. ಒಂದು ಅನುಕೂಲವುಂಟು: ಗ್ರೀನ್ ಕಾರ್ಡ್ ಮಂಜೂರಾದ ದಿನಕ್ಕಿಂತ ಒಂದು ವರ್ಷ ಹಿಂದಿನಿಂದಲೇ ಕಾಯಂ ವಾಸ ಶುರುವಾಯಿತೆಂದು ದಾಖಲಿಸುತ್ತಾರೆ. ಪೌರತ್ವಕ್ಕೆ ಬೇಕಾದ ಐದು ವರ್ಷಗಳಲ್ಲಿ ಒಂದು ಹೀಗೆ ಮೊದಲೇ ಜಮೆಯಾಗಿರುತ್ತದೆ.

ಈ ನಡುವೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದರು, ಮದುವೆ ಗೊತ್ತಾಯಿತು ಎಂದು ಬಿಟ್ಟು ಬಂದ ದೇಶಕ್ಕೇ ಹೋಗಿಬರುವ ಆಸೆ ಸಹಜ. ಹೋದರೆ, ಅಲ್ಲಿ ಜೀವಭಯವಿದೆ ಎಂದಿದ್ದಿರಲ್ಲ, ಹೋಗಿದ್ದು ಹೇಗೆ ಎಂಬ ಪ್ರಶ್ನೆ ಏಳಬಹುದು. ಆ ದೇಶದ ಪಾಸ್‌ಪೋರ್ಟ್ ನವೀಕರಿಸಿಕೊಂಡರೂ ಏಳಬಹುದು. ಬೇರೆ ದೇಶಗಳಿಗೆ ಹೋಗಿಬರಲು ನಿರಾಶ್ರಿತರ ಪ್ರಯಾಣಪತ್ರ ಎಂಬುದೊಂದಿದೆ. ಅದಕ್ಕೆ ಹೊರಡುವ ಮುಂಚೆಯೇ ಅರ್ಜಿ ಹಾಕಿಕೊಳ್ಳಬೇಕು.