ಕಾಫಿ ಕಲೆ ಮತ್ತು ನನ್ನ ಲೇಸರ್ ಫೋಟೋಗಳು

ಮೇಜಿನ ಮೇಲೆ ಈ ಉಂಗುರ ಕಾಣಿಸುತ್ತಿದೆ ಅಲ್ವಾ? ಬೆಳಿಗ್ಗೆ ಚೆಲ್ಲಿದ ಕಾಫಿ. ಅಮ್ಮ ಒರೆಸಲು ಬಂದರು, "ಒಂದ್ನಿಮಿಷ ಇರಮ್ಮ, ವಿಡಿಯೋ ಮಾಡ್ಕೋತೀನಿ" ಅಂದೆ. ರಜೆಗೆ ಚಿಕ್ಕಮಗಳೂರಿಗೆ ಬಂದು ನಾಲ್ಕು ದಿನ ಆಯಿತು, ತಲೆಯಲ್ಲಿ ಇನ್ನೂ ಲ್ಯಾಬೇ ಇದೆ.

ನನ್ನ ಕೆಲಸ ಸಾವಯವ ಹರಳುಗಳ ಮೇಲೆ ಲೇಸರ್ ಹೊಡೆದು, ಚಿಮ್ಮುವ ಆವಿಯನ್ನು ನೋಡುವುದು. ಸಾವಯವ ಅಂದರೆ ಗೊಬ್ಬರದ ವಿಷಯ ಅಲ್ಲ, ಇಂಗಾಲದ ಅಣುಗಳು. ಆ ಆವಿಗೆ ಪ್ಲೂಮ್ ಅನ್ನುತ್ತೇವೆ. ನಾನು ಬಳಸುವ ಹರಳು ಡಿಎಚ್‌ಬಿ ಅನ್ನುವ ಒಂದು ಸಾವಯವ ಆಮ್ಲ. 337 ನ್ಯಾನೋಮೀಟರಿನ ನೈಟ್ರೋಜನ್ ಲೇಸರ್ ಬೆಳಕನ್ನು ಇದು ಚೆನ್ನಾಗಿ ಹೀರುತ್ತದೆ. ಪ್ರೋಟೀನ್ ಬೆರೆಸಿಟ್ಟರೆ ಏಟನ್ನು ಹರಳೇ ತಿಂದು ಆವಿಯಾಗುತ್ತದೆ, ಪ್ರೋಟೀನ್ ಒಡೆಯದೆ ಅದರ ಜೊತೆ ಮೇಲೇಳುತ್ತದೆ. ಹೀಗೆ ಎದ್ದ ಅಣುಗಳ ತೂಕ ಅಳೆಯುವ, ಮಾಲ್ಡಿ ಅನ್ನುವ ಈ ವಿಧಾನವನ್ನು 1980ರ ದಶಕದಲ್ಲಿ ಜರ್ಮನಿಯ ಹಿಲೆನ್‌ಕ್ಯಾಂಪ್ ಮತ್ತು ಕರಾಸ್ ಬೆಳೆಸಿದರು. ಇವತ್ತು ಬ್ಯಾಕ್ಟೀರಿಯಾ ಯಾವುದು ಅಂತ ಗುರುತಿಸಲು ಆಸ್ಪತ್ರೆಗಳಲ್ಲೂ ಇದೇ ವಿಧಾನ ಇದೆ.

ಕಷ್ಟ ಇರುವುದು ಫೋಟೋದಲ್ಲಿ. ಪ್ಲೂಮ್ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಹರಡುತ್ತದೆ. 500 ಅಂತಿಟ್ಟುಕೊಂಡರೆ ಒಂದು ಮೈಕ್ರೋಸೆಕೆಂಡಿಗೆ ಅರ್ಧ ಮಿಲಿಮೀಟರ್. ಸುಮ್ನೆ ಕ್ಯಾಮೆರಾ ಇಟ್ಟರೆ ಏನೂ ಸಿಗುವುದಿಲ್ಲ. ಅದಕ್ಕೆ ಮೊದಲ ಲೇಸರ್ ಹರಳಿಗೆ ಹೊಡೆದ ಮೇಲೆ, ಲೆಕ್ಕ ಹಾಕಿಟ್ಟ ಹೊತ್ತಿಗೆ ಎರಡನೇ ಲೇಸರ್ ಫ್ಲಾಶ್ ಥರ ಬೆಳಗುತ್ತದೆ. ಒಂದು ಏಟಿಗೆ ಒಂದೇ ಫೋಟೋ. ಮುಂದಿನ ಫೋಟೋಗೆ ಹೊಸ ಜಾಗ, ಹೊಸ ಏಟು, ಸ್ವಲ್ಪ ಜಾಸ್ತಿ ತಡ. ಹೀಗೆ ಬೇರೆ ಬೇರೆ ಏಟುಗಳ ಚಿತ್ರಗಳನ್ನು ಜೋಡಿಸಿದರೆ ಒಂದೇ ಪ್ಲೂಮ್ ಬೆಳೆಯುತ್ತಿರುವ ಸಿನಿಮಾ ಆಗುತ್ತದೆ, ಆದರೆ ಎಲ್ಲ ಜಾಗದಲ್ಲೂ ಹರಳು ಒಂದೇ ಥರ ಇದ್ದರೆ ಮಾತ್ರ.

ನನ್ನದು ಹಾಗಿರಲಿಲ್ಲ. ವಾರಗಟ್ಟಲೆ ತೆಗೆದ ಫೋಟೋಗಳು ಒಂದಕ್ಕೊಂದು ಕೂಡಲಿಲ್ಲ, ಒಂದರಲ್ಲಿ ಪ್ಲೂಮ್ ನೇರ, ಇನ್ನೊಂದರಲ್ಲಿ ಓರೆ. ತುಂಬಾ ಬೇಜಾರಾಗಿತ್ತು. ಲೇಸರನ್ನೇ ಅನುಮಾನಿಸಿದೆ. ಈಗ ಈ ಕಲೆ ನೋಡಿ. ಹನಿಯ ಅಂಚು ಬೇಗ ಒಣಗುತ್ತದೆ, ಆ ಜಾಗ ತುಂಬಲು ಮಧ್ಯದ ನೀರು ಹೊರಗೆ ಹರಿಯುತ್ತದೆ, ಬರುವಾಗ ಪುಡಿಯನ್ನೂ ಎಳೆದು ತರುತ್ತದೆ. ನಾನು ಹರಳು ಮಾಡುವುದೂ ಡಿಎಚ್‌ಬಿ ಕರಗಿಸಿದ ಹನಿಯನ್ನು ತಟ್ಟೆಯ ಮೇಲೆ ಒಣಗಿಸಿಯೇ. ಆ ಹನಿಯೂ ಒಣಗುವುದು ಅಂಚಿನಿಂದಲೇ. ಅಂಚಿನಲ್ಲಿ ಸೂಜಿಯಂಥ ಉದ್ದ ಹರಳು, ಒಳಗೆ ಸಣ್ಣ ಚೂರು. ನಾನು ಹೊಡೆಯುತ್ತಿದ್ದದ್ದು ಬೇರೆ ಬೇರೆ ಹರಳಿಗೆ!

ಹಾಗಾಗಿ ಹನಿ ಹಾಕುವುದನ್ನು ಬಿಡುತ್ತಿದ್ದೇನೆ. ಡಿಎಚ್‌ಬಿಯನ್ನು ನಿರ್ವಾತದಲ್ಲಿ ಬಿಸಿ ಮಾಡಿದರೆ ಕರ್ಪೂರದ ಹಾಗೆ ನೇರ ಆವಿಯಾಗಿ, ತಣ್ಣಗಿನ ತಟ್ಟೆಯ ಮೇಲೆ ತೆಳ್ಳಗೆ, ಸಮವಾಗಿ ಕೂರುತ್ತದೆ. ಸೋಮವಾರ ಮೊದಲ ತಟ್ಟೆ ಮಾಡುತ್ತೇನೆ, ಅದರ ಫೋಟೋಗಳನ್ನು ಇಲ್ಲೇ ತೋರಿಸುತ್ತೇನೆ.

ಅಮ್ಮಾ, ಈಗ ಒರೆಸಬಹುದು.