ಒಣ ಕಾಲುಚೀಲ

ಕೇಳುಗರಿಗೆ ನಮಸ್ಕಾರ.

ಆಗಸ್ಟ್ ಬಂದರೆ ಚಿಕ್ಕಬಳ್ಳಾಪುರದ ಸುತ್ತಲಿನ ಶಾಲೆಗಳವರು ನನ್ನನ್ನು ಕರೆಯುತ್ತಾರೆ. ಮಕ್ಕಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ತಾತ, ಎಷ್ಟು ಜನರನ್ನು ಹೊಡೆದಿರಿ?’ ಕಾರ್ಗಿಲ್‌ನಲ್ಲಿ ಏನು ತಿಂದೆ ಎಂದು ಕೇಳಿದವಳು ನನ್ನ ತಾಯಿ ಒಬ್ಬಳೇ. ಇಂದು ಅವಳ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

1999ರ ಜೂನ್. ನಮ್ಮ ಪಲ್ಟನ್ ಕಾರ್ಗಿಲ್ ಬಳಿಯ ದ್ರಾಸ್ ಕಡೆ ಇತ್ತು. ಪಲ್ಟನ್ ಎಂದರೆ ಸುಮಾರು ಎಂಟುನೂರು ಜನ. ಆದರೆ ಸಿಪಾಯಿಯ ಪ್ರಪಂಚ ಅವನ ಸೆಕ್ಷನ್ ಅಷ್ಟೇ, ಹತ್ತು ಜನರ ಸಂಸಾರ. ನಂದಿ ಬೆಟ್ಟ ಹತ್ತಿ ಬೆಳೆದವನೆಂಬ ಜಂಬ ನನಗಿತ್ತು. ನಂದಿ 4,851 ಅಡಿ. ದ್ರಾಸ್‌ನ ರಸ್ತೆಯೇ ಹತ್ತು ಸಾವಿರ ಅಡಿಯ ಮೇಲಿದೆ, ಟೈಗರ್ ಹಿಲ್ ಹದಿನಾರು ಸಾವಿರ ದಾಟುತ್ತದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಮೀನಿನಂತೆ ಬಾಯಿ ಬಿಡಬೇಕು. ಜಂಬ ಮೊದಲ ದಿನವೇ ಇಳಿಯಿತು.

ಶಿಖರದ ಮೇಲೆ ಕುಳಿತ ಶತ್ರುವಿಗೆ ಶ್ರೀನಗರ–ಲೇಹ್ ಹೆದ್ದಾರಿ ಅಂಗೈಯಂತೆ ಕಾಣುತ್ತಿತ್ತು. ಹಗಲು ಅಲುಗಾಡುವಂತಿರಲಿಲ್ಲ. ಗುಂಡು, ಸೀಮೆಎಣ್ಣೆ, ನೀರು, ಎಲ್ಲ ಕತ್ತಲಾದ ಮೇಲೆ ಹೆಗಲೇರುತ್ತಿದ್ದವು. 81 ಮಿ.ಮೀ. ಮಾರ್ಟರ್‌ನ ಒಂದೊಂದು ಶೆಲ್ ನಾಲ್ಕು ಕಿಲೋ ತೂಗುತ್ತದೆ. ಚೀಲದಲ್ಲಿ ಜಾಗ ಸಾಲದಿದ್ದರೆ ರೊಟ್ಟಿ ಇಳಿಸಿ ಗುಂಡು ತುಂಬುತ್ತಿದ್ದೆವು. ನನ್ನ ಯುದ್ಧದ ಬಹುಪಾಲು ಹಮಾಲಿಯೇ, ಹೇಳಲು ನಾಚಿಕೆಯಿಲ್ಲ.

ಬೆಳಕು ಹರಿಯುವ ಮುಂಚೆ ಸ್ಟ್ಯಾಂಡ್-ಟು. ದಾಳಿಯಾಗುವ ಹೊತ್ತು ಅದೇ ಎಂದು ಪ್ರತಿಯೊಬ್ಬನೂ ರೈಫಲ್ ಹಿಡಿದು ತನ್ನ ಜಾಗದಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಅದು ಮುಗಿದ ಮೇಲೆ ನಮ್ಮ ಹವಾಲ್ದಾರ್ ಮೊದಲು ನೋಡುತ್ತಿದ್ದುದು ರೈಫಲನ್ನಲ್ಲ, ಕಾಲನ್ನು. ಬೂಟು ಬಿಚ್ಚಿಸಿ ಹತ್ತು ಜನರ ನೂರು ಬೆರಳನ್ನೂ ಒತ್ತಿ ನೋಡುತ್ತಿದ್ದ. ಬೆರಳು ಬೆಳ್ಳಗಾಗಿ ಮರಗಟ್ಟಿದರೆ ಹಿಮ ಕಚ್ಚಿತೆಂದೇ ಲೆಕ್ಕ. ಒದ್ದೆ ಕಾಲುಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ಅಂಟಿಸಿಕೊಂಡು ಮಲಗುತ್ತಿದ್ದೆವು. ಮೈ ಬಿಸಿಯಲ್ಲದೆ ಅದನ್ನು ಒಣಗಿಸಲು ಬೇರೆ ಒಲೆಯಿರಲಿಲ್ಲ.

ಬಂಡೆಯಲ್ಲಿ ಕಂದಕ ತೋಡಲಾಗದು. ಕಲ್ಲು ಒಟ್ಟಿ ಗೋಡೆ ಕಟ್ಟುತ್ತೇವೆ, ಅದಕ್ಕೆ ಸಂಗರ್ ಎನ್ನುತ್ತಾರೆ. ಹೊಲದ ಬದುವಿಗೆ ಕಲ್ಲು ಜೋಡಿಸಿದ ಕೈ ನನ್ನದು, ಈ ಕೆಲಸಕ್ಕೆ ಮಾತ್ರ ನಾನೇ ಮೇಸ್ತ್ರಿ.

ಇನ್ನು ಊಟ. ಕೆಳಗಿನ ಲಂಗರ್‌ನಿಂದ, ಅಂದರೆ ಪಲ್ಟನ್ನಿನ ಅಡುಗೆಮನೆಯಿಂದ, ಹೊರಟ ಪೂರಿ ಮೇಲೆ ಬರುವಷ್ಟರಲ್ಲಿ ಹಪ್ಪಳವಾಗಿರುತ್ತಿತ್ತು. ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯದು, ಮುದ್ದೆಯ ಮಾತು ಬಿಡಿ. ನೀರಿಗೆ ಹಿಮವೇ ಗತಿ. ತಪ್ಪಲೆ ತುಂಬ ಹಿಮ ಕರಗಿಸಿದರೆ ತಳದಲ್ಲಿ ಒಂದಿಷ್ಟು, ಅದೂ ಸೀಮೆಎಣ್ಣೆ ವಾಸನೆ. ಸದಾ ಹರಿಯುವ ನದಿಯಿಲ್ಲದ ಸೀಮೆಯವನಿಗೆ ನೀರು ಅಳೆದು ಕುಡಿಯುವುದನ್ನು ಯಾರೂ ಕಲಿಸಬೇಕಾಗಲಿಲ್ಲ.

ಸೇನೆಯ ಅಂಚೆ ಕಚೇರಿಯಾದ 56 ಎಪಿಒ ವಿಳಾಸಕ್ಕೆ ಅಮ್ಮನ ಇನ್‌ಲ್ಯಾಂಡ್ ಪತ್ರ ಬಂತು, ಪಕ್ಕದ ಮನೆಯ ಹುಡುಗಿಯ ಅಕ್ಷರ. ಕೊಳವೆಬಾವಿ ಬತ್ತಿದೆ, ರಾಗಿ ಬಿತ್ತನೆಗೆ ಮಳೆ ಕಾಯುತ್ತಿದ್ದೇವೆ, ಅಲ್ಲಿ ಹೊಟ್ಟೆಗೆ ಏನು ಹಾಕುತ್ತಾರೆ? ಬೇಕಾದಷ್ಟು ಹಾಕುತ್ತಾರೆ ಎಂದು ಬರೆದೆ.

ರಜೆ ಸಿಕ್ಕಿದ್ದು ಅವರೆಕಾಯಿ ಕಾಲದಲ್ಲಿ. ಅಮ್ಮ ನನ್ನ ಕಾಲು ನೋಡಿದಳು, ಎರಡು ಬೆರಳಿಗೆ ಉಗುರಿರಲಿಲ್ಲ. ಮಾತಾಡದೆ ಹೋಗಿ ಹಂಡೆ ತುಂಬ ನೀರು ಕಾಯಿಸಿದಳು. ಇಷ್ಟೊಂದು ಬೇಡಮ್ಮ, ಅರ್ಧ ಸಾಕು ಎಂದೆ.